ಊಟಿಯ ಫೋಟೋಗಳಲ್ಲಿ ಇಲ್ಲದ ಮೇಸ್ತ್ರಿ

ನಮ್ಮ ಕಾರಿನ ಮೇಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದರ ಜಾಗದಲ್ಲಿ ಹುಣಸೆಬೀಜದ ಹಾಗೆ ಹೊಳೆಯುವ ಕಂದು ಚರ್ಮ. ಎಂಜಿನ್ ಕಾದಿದೆಯೇ ಎಂದು ನೋಡಲು ಬಾನೆಟ್ ಮೇಲೆ ಅಂಗೈ ಇಡುತ್ತಿರಲಿಲ್ಲ. ಮಗುವಿನ ಜ್ವರ ನೋಡುವವರಂತೆ ಕೈಯ ಹಿಂಬದಿಯನ್ನು ತಾಗಿಸಿ ಕಣ್ಣು ಮುಚ್ಚುತ್ತಿದ್ದರು.

ಮೊನ್ನೆ ಬೆಳಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಯಜಮಾನರಿಗೆ ಕಾಫಿ ಕೊಟ್ಟು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದೆ. ಫೋನಿನಲ್ಲಿ ‘ಮೇಸ್ತ್ರಿ’ ಎಂದು ಬಂತು. ಮೂರು ವರ್ಷದ ಮೇಲೆ! ಕೈ ಒರೆಸಿಕೊಳ್ಳುವುದರೊಳಗೆ ಏನೇನು ಹೇಳಬೇಕೆಂದು ಯೋಚಿಸಿಬಿಟ್ಟೆ. ಆದರೆ ದನಿ ಅವರ ಹೆಂಡತಿಯದು. “ಅಮ್ಮಾ, ಇವರು ಬೆಳಗಿನ ಜಾವ ಹೋಗ್ಬಿಟ್ರು.”

ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ಅಯ್ಯೋ ಪಾಪ, ಒಳ್ಳೇ ಕೆಲ್ಸಗಾರ. ನೀನ್ ಹೋಗ್ಬಾ. ನನಗೆ ಮೀಟಿಂಗ್ ಇದೆ.”

ಆ ಕಾರು ನಮ್ಮ ಮಾವನವರದು, ಹಾಲಿನ ಕೆನೆಯ ಬಣ್ಣದ್ದು. ಮಾವನವರ ಕಾಲದಿಂದಲೂ ಅದನ್ನು ಮುಟ್ಟಿದವರು ಈ ಮೇಸ್ತ್ರಿ ಒಬ್ಬರೇ. ಬನಶಂಕರಿಯಲ್ಲಿ ತಗಡಿನ ಶೆಡ್ಡು, ಚಿಕ್ಕಲಸಂದ್ರದಲ್ಲಿ ಎರಡು ಕೋಣೆಯ ಮನೆ. ಭಾನುವಾರ ಬೆಳಗ್ಗೆ ಜಯನಗರದ ನಮ್ಮ ಗೇಟಿನಲ್ಲಿ ಅವರ ಸೈಕಲ್ ಬೆಲ್. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ. ಆಗ ಯಾರಾದರೂ ಮಾತಾಡಿದರೆ ಗದರುತ್ತಿದ್ದರು: “ಅದು ಏನೋ ಹೇಳ್ತಾ ಇದೆ, ಸ್ವಲ್ಪ ಸುಮ್ನಿರಿ.”

ಈ ಗಾಡಿ ಹೆಂಗಸರ ಕೈಗೆ ಬಗ್ಗಲ್ಲ ಎಂದು ಯಜಮಾನರು ಹೇಳುತ್ತಿದ್ದರು. ಅವರು ಊರಲ್ಲಿಲ್ಲದ ಒಂದು ವಾರ ಮೇಸ್ತ್ರಿ ನನ್ನನ್ನು ಬೇಗೂರು ಕೆರೆಯ ಕಡೆ ಕರೆದುಕೊಂಡು ಹೋಗಿ ಓಡಿಸಲು ಕಲಿಸಿದರು. “ಗೇರು ತಳ್ಬೇಡಿ ಅಮ್ಮಾ, ಕೂರಿಸಿ. ನೆಂಟರನ್ನ ಕೂರಿಸ್ತೀರಲ್ಲ, ಹಂಗೆ.” ಮೊದಲ ಸಲ ಸದ್ದಿಲ್ಲದೆ ಗೇರು ಕೂತಾಗ ನನಗಿಂತ ಜೋರಾಗಿ ನಕ್ಕವರು ಅವರು.

ಒಮ್ಮೆ ಕಾರ್ಬ್ಯುರೇಟರಿನ ಒಂದು ಸಣ್ಣ ಪಿನ್ನು ಸವೆದುಹೋಯಿತು. ಎಲ್ಲಿ ಹುಡುಕಿದರೂ ಸಿಗಲಿಲ್ಲ. ನಮ್ಮ ಬಚ್ಚಲಮನೆಯ ಹಳೆಯ ಹಿತ್ತಾಳೆ ನಲ್ಲಿಯಿಂದ ಒಂದು ತುಂಡು ಕೊಯ್ದು, ಮೂರು ದಿನ ನಮ್ಮ ಜಗಲಿಯಲ್ಲಿ ಕೂತು ಅರದಲ್ಲಿ ಉಜ್ಜಿ ಉಜ್ಜಿ ಅದೇ ಪಿನ್ನು ಮಾಡಿ ಕೂರಿಸಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಆಮೇಲೆ ಊಟಿಯಲ್ಲಿ ಹಳೇ ಕಾರಿನವರ ಕೂಟ ಎಂದು ಯಜಮಾನರಿಗೆ ಪತ್ರ ಬಂತು. “ನಾನಿಲ್ದೆ ಇದು ಗುಂಡ್ಲುಪೇಟೆ ದಾಟಲ್ಲ ಸಾರ್” ಎಂದರು ಮೇಸ್ತ್ರಿ. “ಬಾರಪ್ಪ ಮತ್ತೆ, ಹಿಂದೆ ಕೂತ್ಕೋ.” ಅವರು ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ತಂದಿದ್ದರು. ಕೇಳಿದ್ದಕ್ಕೆ ನಾಚಿಕೊಂಡು ಬಿಚ್ಚಿ ತೋರಿಸಿದರು: ಇಸ್ತ್ರಿ ಮಾಡಿದ ಬಿಳಿ ಷರ್ಟು. “ಅಲ್ಲಿಗೆ ತಿಳಿದೋರು ಬರ್ತಾರಂತೆ. ಆ ಪಿನ್ನು ಒಬ್ರಾದ್ರೂ ನೋಡ್ಲಿ ಅಮ್ಮಾ. ಇಲ್ಲಿ ಯಾರಿಗ್ ತೋರ್ಸೋದು?”

ಬಂಡೀಪುರ ದಾಟಿ ಕಲ್ಲಟ್ಟಿ ಘಾಟಿ ಹತ್ತುವಾಗ ಕಾರು ನಾಲ್ಕು ಸಲ ನಿಂತಿತು. ಎಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪು ಕಾದು ಹೋಗುತ್ತಿತ್ತು. ಮೇಸ್ತ್ರಿ ಪ್ರತಿ ಸಲವೂ ತಮ್ಮ ಹೆಗಲ ಟವೆಲನ್ನು ನೀರಲ್ಲಿ ಅದ್ದಿ ಪಂಪಿಗೆ ಸುತ್ತಿ, ಕೈಯ ಹಿಂಬದಿ ಇಟ್ಟು ಕಾಯುತ್ತಿದ್ದರು. ಯಜಮಾನರು ತಿರುವಿಗೊಂದು ಫೋಟೋ ತೆಗೆಯುತ್ತಿದ್ದರು. “ಮೇಸ್ತ್ರಿ, ಸ್ವಲ್ಪ ಆ ಕಡೆ ಸರಿ, ಅಡ್ಡ ಬರ್ತಿದೀಯಾ.” ಅವರು ಸರಿಯುತ್ತಿದ್ದರು.

ಕೂಟದ ಹುಲ್ಲುಹಾಸಿನಲ್ಲಿ ಅರವತ್ತು ಕಾರುಗಳಾದರೂ ಇದ್ದವು. ಮಾಲೀಕರೇ ಕೈಯಾರೆ ನೋಡಿಕೊಂಡ ಕಾರಿಗೆ ಒಂದು ಬೇರೆ ಬಹುಮಾನ ಇದೆಯೆಂದು ಅಲ್ಲಿಗೆ ಹೋದ ಮೇಲೇ ಗೊತ್ತಾಗಿದ್ದು. ಯಜಮಾನರು ಫಾರಂ ತುಂಬಿ ಕೊಟ್ಟರು. ಟೋಪಿ ಹಾಕಿದ ಒಬ್ಬ ಹಿರಿಯರು ಬಂದು ಬಾನೆಟ್ ಎತ್ತಿಸಿ ಬಗ್ಗಿ ನೋಡಿದರು. ಆ ಪಿನ್ನಿನ ಹತ್ತಿರ ಅವರ ಕನ್ನಡಕ ನಿಂತಿತು. ಬಿಳಿ ಷರ್ಟಿನ ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದರು.

ಇಂಥ ಕೆಲಸ ನೋಡಿ ಎಷ್ಟೋ ವರ್ಷವಾಯಿತು, ಯಾರು ಮಾಡಿದ್ದು ಎಂದು ಹಿರಿಯರು ಇಂಗ್ಲಿಷಿನಲ್ಲಿ ಕೇಳಿದರು. ಯಜಮಾನರು “ನಾನೇ” ಎಂದರು. ಹಿರಿಯರು ನಂಬಿದಂತೆ ಕಾಣಲಿಲ್ಲ. ನನ್ನ ಕಡೆ ತಿರುಗಿ, “ಹೌದೇ ಮೇಡಂ?” ಎಂದರು.

ಒಂದು ‘ಇಲ್ಲ’ ಸಾಕಿತ್ತು. ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಕೇಳಿದ್ದಕ್ಕೆ ಪೂರ್ತಿ ವಾಕ್ಯದಲ್ಲಿ, ನಗುಮುಖದಿಂದ ಉತ್ತರ ಕೊಡಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು. ಹಾಗೆಯೇ ಕೊಟ್ಟೆ. ಪ್ರತಿ ಸಂಡೇ ಇವರಿಗೆ ಇದೇ ಕೆಲಸ, ಲಂಚಿಗೆ ನಾಲ್ಕು ಸಲ ಕರೆಯಬೇಕು ಎಂದು ನನ್ನ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದೆ. ಯಜಮಾನರು ಕೇಳದಿದ್ದರೂ ಲಂಚಿನ ಮಾತನ್ನು ಸೇರಿಸಿದವಳು ನಾನು. ಹಿರಿಯರು ನಕ್ಕು ಬರೆದುಕೊಂಡರು. ಸಂಡೇ, ಲಂಚ್ ಎಂಬ ಮಾತು ಅರ್ಥವಾಗಲು ಇಂಗ್ಲಿಷ್ ಬರಬೇಕಾಗಿಲ್ಲ. ತಿರುಗಿ ನೋಡಿದಾಗ ಮೇಸ್ತ್ರಿ ಹಿಂದಕ್ಕೆ ಹೋಗಿ, ಡ್ರೈವರುಗಳು ಊಟದ ಪೊಟ್ಟಣ ಬಿಚ್ಚಿ ಕೂತಿದ್ದ ಮರದ ಕೆಳಗೆ ನಿಂತಿದ್ದರು.

ವಾಪಸ್ ಬರುವಾಗಲೂ ಅವರೇ ಟವೆಲು ಅದ್ದಿದರು. ಬನಶಂಕರಿಯಲ್ಲಿ ಇಳಿದು ಬಾಗಿಲನ್ನು ಮೆತ್ತಗೆ ಹಾಕಿ, “ಇನ್ಮೇಲೆ ಭಾನುವಾರ ಸಾರೇ ನೋಡ್ಕೋತಾರಲ್ಲ ಅಮ್ಮಾ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೋ ಏನೋ.

ಮತ್ತೆ ಅವರು ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ. “ಆಗ್ಲಿ ಅಮ್ಮಾ, ಬರ್ತೀನಿ” ಎಂದರು, ಅಷ್ಟೇ. ಅವರ ಶೆಡ್ಡಿನ ಮುಂದೆ ಆಟೋದಲ್ಲಿ ಎಷ್ಟೋ ಸಲ ಹೋಗಿದ್ದೇನೆ. ನಿಲ್ಲಿಸು ಎಂದು ಡ್ರೈವರಿಗೆ ಹೇಳಲಿಲ್ಲ. ಬಹುಮಾನದ ಕಪ್ಪು ನಮ್ಮ ನಡುಮನೆಯ ಷೋಕೇಸಿನಲ್ಲಿದೆ. ಬಂದವರಿಗೆಲ್ಲ, ಮಹಡಿಯ ಬಾಡಿಗೆಯವರಿಗೂ, ಯಜಮಾನರು ತಾವೇ ಆ ಪಿನ್ನು ಉಜ್ಜಿದ ಕಥೆ ಹೇಳುತ್ತಾರೆ. ಅವರ ಬಾಯಲ್ಲಿ ಆ ಮೂರು ದಿನ ಈಗ ಏಳು ದಿನವಾಗಿದೆ. ನಾನು ಕಾಫಿ ತಂದಿಡುತ್ತೇನೆ. ಕಾರು ಮಾತ್ರ ಯಾರ ಕೈಗೂ ಸರಿಹೋಗದೆ ಹೊದಿಕೆಯ ಕೆಳಗಿದೆ.

ಮೊನ್ನೆ ಚಿಕ್ಕಲಸಂದ್ರದಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೇಳಿದರು. “ಗೋಡೆಗೆ ಹಾಕೋಕೆ ಇವರದ್ದೊಂದು ಫೋಟೋನೂ ಇಲ್ಲ ಅಮ್ಮಾ. ಊಟಿಗ್ ಹೋದಾಗ ಸಾರ್ ತುಂಬಾ ಫೋಟೋ ತೆಗೆದ್ರಂತಲ್ಲ? ಬಿಳೀ ಷರ್ಟ್ ಹಾಕ್ಕೊಂಡಿದ್ರು. ಅದ್ರಲ್ಲಿ ಒಂದು ಕೊಡ್ತೀರಾ?” ನೋಡ್ತೀನಿ ಎಂದೆ. ಊಟಿಯಲ್ಲಿ ಏನಾಯಿತೆಂದು ಮೇಸ್ತ್ರಿ ಹೆಂಡತಿಗೂ ಹೇಳಿರಲಿಲ್ಲ.

ಮನೆಗೆ ಬಂದು ಮಧ್ಯಾಹ್ನವೆಲ್ಲ ಕಂಪ್ಯೂಟರಿನ ಮುಂದೆ ಕೂತು ನೋಡಿದೆ. ಊಟಿಯ ಫೋಟೋಗಳು ಮುನ್ನೂರಕ್ಕೂ ಹೆಚ್ಚು. ಕಾರು, ಯಜಮಾನರು, ನಾನು, ಕಪ್ಪು. ಒಂದರ ಅಂಚಿನಲ್ಲಿ ಮಾತ್ರ ಬಿಳಿ ತೋಳಿನ ಒಂದು ಮೊಣಕೈ ಇತ್ತು.

ಸಂಜೆ ಗೇಟಿನ ಹತ್ತಿರ ನಿಂತಿದ್ದೆ. ಕಳೆದ ವರ್ಷ ಧಾರವಾಡದ ಕಡೆಯಿಂದ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದವರು ತರಕಾರಿ ಚೀಲ ಹಿಡಿದು ಒಳಗೆ ಬಂದರು.

“ಯಾಕ್ರೀ ಅಕ್ಕಾರ, ಮುಖ ಸಣ್ಣದಾಗೇತಿ?”

“ನಮ್ಮ ಕಾರಿನ ಮೇಸ್ತ್ರಿ ತೀರ್ಕೊಂಡ್ರು.”

“ಅಯ್ಯ, ಹೌದ್ರೀ?” ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮೆಟ್ಟಿಲು ಹತ್ತಿದರು. “ನಿಮ್ಮ ಕಾರಿಗೆ ಮೇಸ್ತ್ರಿ ಬ್ಯಾರೆ ಇದ್ರೇನ್ರೀ?”