ವೀಣಾ, ಅಜ್ಜಿಗೆ ಬಂದದ್ದು ಸಿಟ್ಟಲ್ಲ

ಬಂಧುಗಳೇ, ಇವತ್ತು ಚಾಮರಾಜಪೇಟೆಯ ಛತ್ರದಲ್ಲಿ ನೀವು ಕಂಡದ್ದನ್ನು ದಯವಿಟ್ಟು ತಪ್ಪು ತಿಳಿಯಬೇಡಿ. ಈ ಮದುವೆಗೆ ಮೊದಲು ಒಪ್ಪದಿದ್ದ ನನ್ನ ಅಕ್ಕನಿಗೆ ಮೊಮ್ಮಗಳು, ಮದುಮಗಳು ವೀಣಾ ತಾನೇ ಐಸ್‌ಕ್ರೀಂ ತಂದು, "ಕೋಪ ಬಿಟ್ಟು ಒಂದೇ ಒಂದ್ ಚಮಚ ತಿನ್ನಜ್ಜಿ" ಎಂದು ಬಾಯಿಗಿಟ್ಟಳು. ಅಕ್ಕ ಮುಖ ಕಿವುಚಿ ಅವಳ ಕೈ ತಳ್ಳಿಬಿಟ್ಟಳು. ಮದುಮಗಳು ಕಣ್ಣೊರೆಸಿಕೊಳ್ಳುತ್ತಲೇ ಗಂಡನ ಮನೆಗೆ ಹೊರಟಳು.

ಮನೆಗೆ ಬಂದು ಅಕ್ಕನನ್ನು ಕೇಳಿದೆ.

"ಸಿಟ್ಟೆಲ್ಲಿ ಬಂತೋ! ಹಲ್ಲು ಜುಮ್ ಅಂದು ಜೀವ ಹೋಯ್ತು."

"ಡಾಕ್ಟರ್ ಬರೆದುಕೊಟ್ಟ ಪೇಸ್ಟು?"

"ಬೆಳಿಗ್ಗೆ ಉಜ್ಜಿದೆನಲ್ಲೋ. ಮದುವೆ ಮುಂಜಿಗೆ ಹೋಗೋ ದಿನ ತಪ್ಪಿಸೋದೇ ಇಲ್ಲ."

"ಅದೇನು ಸೆಂಟಾ ಅಕ್ಕಾ? ದಿನಾ ಉಜ್ಜಿದ್ರೆ, ಕೆಲವು ವಾರ ಆದ್ಮೇಲೆ ಗುಣ ಕಾಣೋದು. ಜುಮ್ ಅನ್ನೋದು ಕಮ್ಮಿ ಆಗ್ಲಿ ಅಂತ ಡಾಕ್ಟರ್ ಹಲ್ಲಿಗೆ ಲೇಸರ್ ಬೆಳಕು ಬಿಡ್ತೀನಿ ಅಂದಾಗ್ಲೂ ಎದ್ದು ಬಂದೆ."

"ಮದುವೆ ಹತ್ರ ಇಟ್ಕೊಂಡು ಬಾಯೊಳಗೆ ಬೆಂಕಿ ಬಿಡಿಸ್ಕೊಳ್ಳಲಾ?"

ಆಮೇಲೆ ಅಕ್ಕನೇ, "ಮಗು ಅಳ್ತಾ ಹೋಯ್ತಲ್ಲೋ" ಎಂದಳು. ನಾನು ವೀಣಾಗೆ ಫೋನ್ ಮಾಡಲು ಹೋದರೆ ಕೈ ಹಿಡಿದಳು: "ಹೊಸ ಬೀಗರ ಮನೇಲಿ ನನ್ನ ಹಲ್ಲಿನ ಪುರಾಣ ಬೇಡ ಕಣೋ."

ಅಕ್ಕನ ಮಾತು ಮೀರಿಲ್ಲ, ಫೋನ್ ಮಾಡಿಲ್ಲ. ನಮ್ಮ ಬಂಧುಗಳ ಈ ಫೋನ್ ಗ್ರೂಪಿನಲ್ಲಿ ಬರೆದಿದ್ದೇನೆ, ಅಷ್ಟೇ. ಬೀಗರೂ ಓದಿದರೆ ಅದಕ್ಕೆ ನಾನು ಹೊಣೆಯಲ್ಲ.