ಕರಿಗೈಯವರ ಸಿಹಿ ನೀರು

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವರು ಕರಿಗೈ. ಇಪ್ಪತ್ತಾರು ವರ್ಷ ನಾರಿನ ಉಂಡೆಗಳನ್ನು ಪರ್ಮಾಂಗನೇಟ್ ಎಂಬ ರಾಸಾಯನಿಕದಲ್ಲಿ ಅದ್ದಿ ಅದ್ದಿ ಕೈ ಕಪ್ಪಾಗಿತ್ತು. ಹಾಗೆ ಕಪ್ಪಾದ ನಾರಿನ ಮೂಲಕ ನೂರಾರು ಲೀಟರ್ ಹೊಳೆನೀರು ಹರಿಸಿದರೆ, ನೀರಿನಲ್ಲಿ ಚೂರುಪಾರು ಇರುವ, ವಿಕಿರಣ ಸೂಸುವ ರೇಡಿಯಂ ಅದಕ್ಕೆ ಅಂಟಿಕೊಂಡು ಒಂದೆಡೆ ಸೇರುತ್ತದೆ. ಅದನ್ನು ಅಳೆಯುವ ಯಂತ್ರ ನನ್ನದು. ಅವರು ನಾರು ಕೊಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದು ನಾನು ಒಂದು ದಿನವೂ ಕರೆದವನಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ.

ಹೆಂಡತಿ ತೀರಿಕೊಂಡ ಮೇಲೆ ಅವರದು ಮಹಡಿಯ ಮೇಲೊಂದು ಬಾಡಿಗೆ ಕೋಣೆ. ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಕೆಳಗಿಳಿದರೆ ಮನೆಯೊಡತಿ ತಮ್ಮ ಬಾವಿಯ ನೀರು ತುಂಬಿಕೊಟ್ಟು, "ರಾತ್ರಿ ನಿದ್ದೆ ಬಂತೇನಪ್ಪಾ?" ಎಂದು ಕೇಳುವರು. ದಿನವಿಡೀ ಅವರನ್ನು ಯಾರಾದರೂ ಮಾತಾಡಿಸಿದ್ದೆಂದರೆ ಅಷ್ಟೇ.

ಒಮ್ಮೆ ನೀರು ಬಟ್ಟಿ ಇಳಿಸುವ ಯಂತ್ರ ಕೈಕೊಟ್ಟಿತು. ಹೊಳೆನೀರಿನೊಂದಿಗೆ ಹೋಲಿಸಲು ಶುದ್ಧ ನೀರು ಬೇಕೇ ಬೇಕು. "ನಮ್ಮನೆ ಬಾವೀದು ಒಳ್ಳೇ ಸಿಹಿ ನೀರು" ಎಂದು ಕರಿಗೈ ಕ್ಯಾನುಗಟ್ಟಲೆ ಹೊತ್ತು ತಂದರು. ಅಷ್ಟು ಅನುಭವಸ್ಥರು ಮಾಡುವ ತಪ್ಪಲ್ಲ. ಆದರೆ ಆ ನೀರಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಹೊಳೆನೀರಿಗಿಂತ ಅದರಲ್ಲೇ ಒಂಬತ್ತು ಪಟ್ಟು ರೇಡಿಯಂ ಬಂತು! ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವರು ನಗಲಿಲ್ಲ. ಮೂರು ಸಲ ಹೊಸ ನಾರು ಹಾಕಿ ನೋಡಿದರು. ಮೂರು ಸಲವೂ ಅದೇ ಲೆಕ್ಕ.

"ಹೇಳಿದ್ರೆ ಬಾವಿ ಮುಚ್ಚಿಸ್ತಾರೆ" ಎಂದರು ಬಾಗಿಲಲ್ಲಿ ನಿಂತು.

"ಮುಚ್ಚಿಸ್ಲಿ ಬಿಡಿ. ನಿಮಗೇನು?"

"ಬೆಳಿಗ್ಗೆ ಅಲ್ಲೊಬ್ರು ಮಾತಾಡಿಸ್ತಾರೆ."

ನಾನು ಯಂತ್ರದ ಕಡೆ ತಿರುಗಿಕೊಂಡೆ.

ಮರುದಿನ ಖಾಲಿ ಕ್ಯಾನು ಹಿಡಿದುಕೊಂಡೇ ಮನೆಯೊಡತಿಗೆ ಎಲ್ಲ ಹೇಳಿಬಿಟ್ಟರಂತೆ. ಆಕೆ ಕುಡಿಯುವುದೂ ಅದೇ ನೀರಲ್ಲವೇ! ತಿಂಗಳೊಳಗೆ ಬಾವಿಗೆ ಮುಚ್ಚಳ ಬಿತ್ತು, ಬೀದಿಗೆ ಕೊಳಾಯಿ ಬಂತು. ಆಕೆ ಉಪಕಾರ ಮರೆಯುವವರಲ್ಲ. ಮೊದಲು ಮಹಡಿಯ ಕೋಣೆಗೇ ನಲ್ಲಿ ಹಾಕಿಸಿದರು. "ಇನ್ಮೇಲೆ ನೀವು ಕೆಳಗಿಳಿದು ಬರೋದೇ ಬೇಡಪ್ಪಾ, ಮಂಡಿಗೂ ಆರಾಮ" ಎಂದರಂತೆ.

ಇದನ್ನು ಹೇಳಿ, ನಾರಿನ ಉಂಡೆ ನನ್ನ ಕೈಗಿಟ್ಟು, ಕರಿಗೈ ಹೊರಟರು. ನನಗೆ ತಡೆಯಲಾಗಲಿಲ್ಲ.

"ಒಳಗೆ ಬನ್ನಿ" ಎಂದೆ.

ಯಾರನ್ನು ಕರೆದೆನೋ ಎಂದು ಅವರು ತಮ್ಮ ಹಿಂದೆ ತಿರುಗಿ ನೋಡಿದರು.