ಹೊಳೆ ದಾಟಿದ ಟಬ್ಬು

ಮೊನ್ನೆ ಶಾಲೆಯಲ್ಲಿ ನೀನು ಸಾಹೇಬರ ಟಬ್ಬಿನ ಕಥೆ ಹೇಳಿ ಎಲ್ಲರನ್ನೂ ನಗಿಸಿ ಬಂದೆಯಂತೆ. ನಿನ್ನ ತಂಗಿ ಊಟದ ಹೊತ್ತಿಗೆ ಅದನ್ನು ನನಗೂ ಅಭಿನಯಿಸಿ ತೋರಿಸಿದಳು. ನಿಮ್ಮಮ್ಮ ನಕ್ಕಳು. ನಾನು ತಟ್ಟೆ ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ ನಿಂತೆ. ಆ ಕಥೆಯಲ್ಲಿ ಒಂದು ಸುಳ್ಳಿದೆ. ಅದನ್ನು ಹೇಳಿದವಳು ನಾನು. ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಯಾರಿಂದಲಾದರೂ ಓದಿಸಿಕೊಳ್ಳಿ. ನಿಮ್ಮಮ್ಮನಿಂದ ಬೇಡ.

ಈ ಅಡಿಲೇಡಿಗೆ ಬರುವ ಮೊದಲು ನಾವು ಪರ್ತ್‌ನಲ್ಲಿ, ಥಾರ್ನ್ಲಿಯ ಬಾಡಿಗೆ ಮನೆಯಲ್ಲಿದ್ದೆವು. ನೀನಿನ್ನೂ ಅಂಬೆಗಾಲಿಡುತ್ತಿದ್ದೆ. ನಿಮ್ಮಪ್ಪ ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್. ನಾವು ಈ ದೇಶದಲ್ಲಿ ಉಳಿಯಬೇಕಾದರೆ ಅವರ ಮ್ಯಾನೇಜರು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಆ ಕಾಗದ ತಿಂಗಳುಗಟ್ಟಲೆ ಮ್ಯಾನೇಜರ ಮೇಜಿನ ಮೇಲೆ ಕೂತಿತ್ತು. ವೀಸಾ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಆ ಮ್ಯಾನೇಜರ ತಂದೆಯೇ ನಿನ್ನ ಕಥೆಯ ಸಾಹೇಬರು.

ಅವರು ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಪ್ರಾಂತ ಸಾಹೇಬರಾಗಿದ್ದವರು. ಸ್ವಾತಂತ್ರ್ಯ ಬಂದ ಮೇಲೆ ಆಫ್ರಿಕದಲ್ಲಿ ಅದೇ ನೌಕರಿ ಮಾಡಿ, ಅಲ್ಲಿಯೂ ಸ್ವಾತಂತ್ರ್ಯ ಬಂದಾಗ ಪರ್ತ್‌ಗೆ ಬಂದಿದ್ದರು. ತೊಂಬತ್ತು ದಾಟಿತ್ತು. ತಮ್ಮ ನೌಕರಿಯ ನೆನಪುಗಳನ್ನು ಪುಸ್ತಕ ಮಾಡಿಸುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ನಮ್ಮ ಊರುಗಳ ಕಡೆಯ ಜನ ಬರೆದ ಅರ್ಜಿಗಳ ಒಂದು ಕಟ್ಟು ಇತ್ತು. ಅವೆಲ್ಲ ಕೈ ಎತ್ತದೆ ಕೂಡಿಸಿ ಬರೆಯುವ ಹಳೆಯ ಮೋಡಿ ಅಕ್ಷರದಲ್ಲಿದ್ದವು. ಈಗಿನ ಕನ್ನಡದವರಿಗೆ ಅದು ಓದಲು ಬರುವುದಿಲ್ಲ. ನನ್ನ ಅಪ್ಪ ಕುಲಕರ್ಣಿಯವರ ಕೈಕೆಳಗೆ ಲೆಕ್ಕಪತ್ರ ಬರೆಯುತ್ತಿದ್ದರಿಂದ ನನಗೆ ಬರುತ್ತಿತ್ತು. ಈ ಮಾತನ್ನು ನಿಮ್ಮಪ್ಪ ಎಂದೋ ಆಫೀಸಿನಲ್ಲಿ ಹೇಳಿಬಿಟ್ಟಿದ್ದರು. ಅವನ್ನು ಓದಿ ಹೇಳಲು ನನ್ನನ್ನು ಕರೆತರಬೇಕೆಂದು ಮ್ಯಾನೇಜರು ಕೇಳಿದರಂತೆ.

"ಅತ್ತೆ, ಒಂದು ಭಾನುವಾರ ಬಂದ್ಬಿಟ್ರೆ ಸಾಕು. ಓದಿ ಹೇಳೋದು, ಟೀ ಕುಡಿಯೋದು, ವಾಪಸ್" ಎಂದರು ನಿಮ್ಮಪ್ಪ.

"ನಾ ಹೊರಗಿನ ಮಂದಿ ಮುಂದ ಬಾಯಿ ಬಿಡಾಕಿ ಅಲ್ಲ, ನಿಮಗ ಗೊತ್ತೈತಿ" ಎಂದೆ.

"ಬಾಯಿ ಬಿಡಬ್ಯಾಡವ್ವಾ, ಬರೇ ಓದು" ಎಂದಳು ನಿಮ್ಮಮ್ಮ. "ಅವರ ಮಗಾ ಸಹಿ ಮಾಡಬೇಕು. ನೆನಪಿರಲಿ."

ಸ್ವಾನ್ ವ್ಯಾಲಿಯಲ್ಲಿ ದ್ರಾಕ್ಷಿ ತೋಟದ ನಡುವೆ ಅವರ ಮನೆ. ಸಾಹೇಬರು ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಕನ್ನಡದಲ್ಲಿಯೇ "ಬಾ. ಕೂಡು. ನಿನ್ನ ಊರು ಯಾವುದು?" ಎಂದರು. ಎಪ್ಪತ್ತರ ಹತ್ತಿರ ಬಂದವಳಿಗೆ ನೀನು, ಬಾ, ಕೂಡು. ಸಿಟ್ಟು ಬರಲಿಲ್ಲ. ಆಳುವುದಕ್ಕೆ ಎಷ್ಟು ಕನ್ನಡ ಬೇಕೋ ಅಷ್ಟನ್ನೇ ಅವರಿಗೆ ಮುನ್ಶಿ ಕಲಿಸಿದ್ದ. ಊರಿನ ಹೆಸರು ಹೇಳಿದೆ. "ಗೊತ್ತು. ಬಂಗಲೆ ಚೆನ್ನಾಗಿತ್ತು" ಎಂದರು. ಉಳಿದದ್ದನ್ನೆಲ್ಲ ಅವರು ಇಂಗ್ಲಿಷಿನಲ್ಲಿ ಹೇಳಿದರು, ನಿಮ್ಮಮ್ಮ ನನಗೆ ತಿಳಿಸಿ ಹೇಳಿದಳು.

ಮೀಸೆ ಸರಿಯಾಗಿ ಬರುವ ಮೊದಲೇ ಮೂರು ತಾಲೂಕು ಅವರ ಕೈಯಲ್ಲಿದ್ದವಂತೆ. ಬೇಸಿಗೆ ಬರುವತನಕ ಊರೂರು ಕ್ಯಾಂಪು. ಒಂದು ಡೇರೆಯಲ್ಲಿ ಅವರು ಮಲಗಿದ್ದರೆ ಇನ್ನೊಂದು ಮುಂದಿನ ಊರಿಗೆ ಹೊರಟಿರುತ್ತಿತ್ತು. ಬೆಳಿಗ್ಗೆ ಕುದುರೆಯ ಮೇಲೆ ಕೂತು ಬೆಳೆ ನೋಡುವುದು, ಗೌಡ ಕುಲಕರ್ಣಿಯರ ದಫ್ತರು ತಪಾಸಣೆ ಮಾಡುವುದು, ಮಧ್ಯಾಹ್ನ ಮರದ ಕೆಳಗೆ ಅರ್ಜಿ ತೆಗೆದುಕೊಳ್ಳುವುದು. "ಜನಕ್ಕೆ ನನ್ನ ಮೇಲೆ ಬಹಳ ಪ್ರೀತಿ" ಎಂದು ಒಂದು ಕಾಗದ ಎತ್ತಿ, ಮೊದಲ ಸಾಲನ್ನು ತಾವೇ ಬಾಯಿಪಾಠ ಒಪ್ಪಿಸಿದರು: ತಾವೇ ನಮಗೆ ತಾಯಿ, ತಾವೇ ತಂದೆ, ತಮ್ಮ ಪಾದವೇ ಗತಿ.

ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವವರು ಯಾರಿಗೆ ಬರೆದರೂ ಹಾಗೆಯೇ ಶುರು ಮಾಡುತ್ತಿದ್ದರು. ನಿಮ್ಮಜ್ಜ ತೀರಿಕೊಂಡಾಗ ಅವರ ಮಾಸ್ತರಿಕೆಯ ಪೆನ್ಶನ್ನಿಗಾಗಿ ನಾನೂ ಒಬ್ಬ ಗುಮಾಸ್ತನಿಗೆ ತಾಯಿ ತಂದೆ ಎಂದು ಬರೆದಿದ್ದೆ. ಅವನ ಮುಖವನ್ನೂ ನೋಡಿರಲಿಲ್ಲ. ನಮ್ಮ ಊರಿನಲ್ಲಿ ಕ್ಯಾಂಪು ಬಂತೆಂದರೆ ಕೋಳಿ ಇದ್ದವರು ಕೋಳಿ ಮುಚ್ಚಿಡುತ್ತಿದ್ದರು, ಎತ್ತು ಇದ್ದವರು ಎತ್ತು ಕುಂಟುತ್ತದೆ ಎನ್ನುತ್ತಿದ್ದರು ಎಂದು ನಮ್ಮವ್ವ ಹೇಳುತ್ತಿದ್ದಳು. ಈ ಮನುಷ್ಯ ಮೊದಲ ಸಾಲು ನಂಬಿಕೊಂಡು ಎಪ್ಪತ್ತು ವರ್ಷ ಸುಖವಾಗಿದ್ದರು.

ನಾಲ್ಕು ಅರ್ಜಿ ಓದಿದೆ. ಬಾವಿಯ ಜಗಳ, ಹೊಲದ ಬದುವಿನ ಜಗಳ. ಐದನೆಯದನ್ನು ಕೊಡುವ ಮೊದಲು ಸಾಹೇಬರು ಟಬ್ಬಿನ ಕಥೆ ಹೇಳಿದರು. ನೀನು ಹೇಳಿದ್ದು ಅದನ್ನೇ. ಹೊಳೆ ತುಂಬಿತ್ತು, ಕ್ಯಾಂಪು ದಾಟಬೇಕಿತ್ತು, ಅವರ ಸ್ನಾನದ ತಗಡಿನ ಟಬ್ಬನ್ನು ಊರಿನ ಚಾಕರಿ ಮಾಡುವ ವಾಲೀಕಾರ ತಲೆಯ ಮೇಲೆ ಹೊತ್ತು ನೀರಿಗೆ ಇಳಿದ. ಟಬ್ಬು ತೇಲಿ ಹೋಗಿ ಕೆಳಗಿನ ಊರಿನಲ್ಲಿ ಸಿಕ್ಕಿತು. ಅಲ್ಲಿಯವರು ಅದಕ್ಕೆ ಹೂವಿನ ಹಾರ ಹಾಕಿ, ಹಲಗಿ ಬಾರಿಸುತ್ತ ತಂದೊಪ್ಪಿಸಿದರು. ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರೂ ನಕ್ಕರು. ನಿಮ್ಮಪ್ಪ ಅವರಿಗಿಂತ ಜೋರಾಗಿ ನಕ್ಕರು.

"ಇದು ಆ ಊರಿನದು. ಓದು" ಎಂದು ಸಾಹೇಬರು ಕಾಗದ ಕೊಟ್ಟರು.

ನಾನು ಮೊದಲು ಮನಸ್ಸಿನಲ್ಲಿಯೇ ಓದಿಕೊಂಡೆ. ಬರೆಸಿದವಳು ವಾಲೀಕಾರನ ಹೆಂಡತಿ. ತಾಯಿ ತಂದೆಯ ಸಾಲು ಮುಗಿದ ಮೇಲೆ ಹೀಗಿತ್ತು: ನನ್ನ ಗಂಡ ಸರ್ಕಾರದ ಟಬ್ಬು ಹೊತ್ತು ಹೊಳೆಗೆ ಇಳಿದವನು ಮನೆಗೆ ಬಂದಿಲ್ಲ. ಟಬ್ಬು ಸಿಕ್ಕಿತೆಂದು ಕೇಳಿದೆ. ಗಂಡ ಸಿಕ್ಕನೋ ಇಲ್ಲವೋ ಯಾರೂ ಹೇಳುವುದಿಲ್ಲ. ಇದ್ದಾನೆಂದರೆ ಕುಂಕುಮ ಇಟ್ಟುಕೊಳ್ಳುತ್ತೇನೆ, ಇಲ್ಲವೆಂದರೆ ಬಳೆ ಒಡೆದುಕೊಳ್ಳುತ್ತೇನೆ. ಬೇರೆ ಏನೂ ಬೇಡ. ಯಾವುದಾದರೂ ಒಂದು ಮಾತು ಅಪ್ಪಣೆಯಾಗಬೇಕು.

ಕಾಗದದ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಗೀಚಿತ್ತು. ನಿಮ್ಮಮ್ಮನಿಗೆ ತೋರಿಸಿದೆ. "ಕಡತಕ್ಕ ಸೇರಿಸ್ರಿ ಅಂತ ಐತಿ" ಎಂದಳು. ನಾನು ಪಿಸುದನಿಯಲ್ಲಿ ಅವಳಿಗೆ ಉಳಿದದ್ದನ್ನು ಹೇಳಿದೆ. ಅವಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಇದನ್ನ ಓದಬ್ಯಾಡ. ಚೊಲೋದು ಏನರ ಹೇಳು."

"ಇದ್ದದ್ದನ್ನ ಬಿಟ್ಟು ಏನ್ ಹೇಳ್ಲಿ?"

"ಅವ್ವಾ, ನಮ್ಮ ಕಾಗದಾ ಅವರ ಕೈಯಾಗ ಐತಿ."

ಸಾಹೇಬರ ನಗು ನಿಂತಿತ್ತು. ಅವರು ನಿಮ್ಮಮ್ಮನನ್ನು ನೋಡಲಿಲ್ಲ, ನನ್ನನ್ನೇ ನೋಡಿ ಕನ್ನಡದಲ್ಲಿ ಕೇಳಿದರು: "ಆ ಮನುಷ್ಯ ಏನಾದ?"

ನಿಮ್ಮಪ್ಪ ಟೀ ಕಪ್ಪನ್ನು ಅರ್ಧಕ್ಕೆ ಎತ್ತಿ ಹಿಡಿದಿದ್ದರು. ನೀನು ನನ್ನ ಸೆರಗು ಎಳೆಯುತ್ತಿದ್ದೆ.

"ದಂಡೀಗೆ ಬಂದ್ನಂತ್ರೀ. ಮನೀಗೆ ಬಂದ್ನಂತ" ಎಂದೆ.

"ಒಳ್ಳೆಯದು" ಎಂದು ಸಾಹೇಬರು ಕಣ್ಣು ಮುಚ್ಚಿದರು. ಮತ್ತೊಮ್ಮೆ "ಒಳ್ಳೆಯದು" ಎಂದರು.

ಕಾರು ಥಾರ್ನ್ಲಿ ಹತ್ತಿರ ಬಂದಾಗ ನಿಮ್ಮಪ್ಪ "ಅತ್ತೆ, ಥ್ಯಾಂಕ್ಸ್" ಎಂದರು. ಅದೇ ವಾರ ಸಹಿಯಾಯಿತು. ಆ ಓದಿಗೂ ಸಹಿಗೂ ಸಂಬಂಧವಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ನಿಜ ಹೇಳಿದ್ದರೂ ಆಗುತ್ತಿತ್ತೇನೋ. ಇದೇ ನನ್ನನ್ನು ಹೆಚ್ಚು ಸುಡುತ್ತದೆ.

ಸಾಹೇಬರನ್ನು ಮುದುಕರೆಂದು ಕನಿಕರಿಸಲು ನೋಡಿದೆ, ಆಗಲಿಲ್ಲ. ಮರುದಿನವೇ ಶಿರಸ್ತೇದಾರನನ್ನು ಕೇಳಬಹುದಿತ್ತು. ಕುದುರೆ ಹತ್ತಿ ಆ ಊರಿಗೆ ಹೋಗಬಹುದಿತ್ತು. ಅವನು ಬರಲಿಲ್ಲ ಎಂದು ಹೇಳಲಾರದ ನನ್ನಂಥವಳು ಎದುರಿಗೆ ಬಂದು ಕೂರುವ ತನಕ ಕಾದು, ಆಮೇಲೆ ಕೇಳಿದರು.

ನಾವು ಅಡಿಲೇಡಿಗೆ ಬಂದ ಮೇಲೆ ಪುಸ್ತಕ ಅಂಚೆಯಲ್ಲಿ ಬಂತು. ಅಷ್ಟರಲ್ಲಿ ಸಾಹೇಬರು ತೀರಿಹೋಗಿದ್ದರು. ಅದರಲ್ಲಿ ಹಾರ ಹಾಕಿದ ಟಬ್ಬಿನ ಹಿಂದೆ ವಾಲೀಕಾರನೂ ನಗುತ್ತ ನಡೆದು ಬರುತ್ತಾನೆ ಎಂದು ನಿಮ್ಮಮ್ಮ ಓದಿ ಹೇಳಿದಳು. ನೀನು ಶಾಲೆಯಲ್ಲಿ ಹೇಳಿದ್ದೂ ಹಾಗೆಯೇ. ಅವನ ನಡಿಗೆಯನ್ನು ನಿನ್ನ ತಂಗಿ ಬಹಳ ಚೆನ್ನಾಗಿ ಮಾಡುತ್ತಾಳೆ.

ನಾನು ಬಳೆ ಒಡೆದುಕೊಂಡ ದಿನ ನನಗೆ ಗೊತ್ತು, ಯಾಕೆಂದು ಗೊತ್ತು, ನಿಮ್ಮಜ್ಜನ ಮುಖ ನೋಡಿದ್ದೆ. ಆ ಹೆಂಗಸು ಕೇಳಿದ್ದು ಅಷ್ಟನ್ನೇ. ನಾನು ಅವಳ ಕಾಗದ ಕೈಯಲ್ಲಿ ಹಿಡಿದುಕೊಂಡೇ ಅವಳ ಗಂಡನನ್ನು ದಂಡೆಗೆ ಹತ್ತಿಸಿಬಿಟ್ಟೆ. ಅವಳ ಹೆಸರೂ ಅರ್ಜಿಯಲ್ಲಿ ಇರಲಿಲ್ಲ. ಹೆಬ್ಬೆಟ್ಟಿನ ಗುರುತು ಮಾತ್ರ ಇತ್ತು, ಪಕ್ಕದಲ್ಲಿ ವಾಲೀಕಾರನ ಹೆಂಡತಿ ಎಂದು ಬರೆದಿತ್ತು.

ಇನ್ನೊಮ್ಮೆ ಆ ಕಥೆ ಹೇಳುವುದಾದರೆ ಟಬ್ಬು ಮಾತ್ರ ಬಂತು ಎಂದು ಹೇಳು. ಯಾರೂ ನಗದಿದ್ದರೆ ನಗದಿರಲಿ.